ಯರ್ರಮ್ಮನ ಕಂಡಿಕೆ ಬುಟ್ಟಿ, ಶಹನಾಜಳ ಸರ್ವರ್

ಶಹನಾಜಳನ್ನು ನಾನು ಮೊದಲು ನೋಡಿದ್ದು ಸಿಟ್ಟು ನೆತ್ತಿಗೇರಿದ್ದ ಒಂದು ದಿನ. ಸಿಟ್ಟು ಅವಳ ಮೇಲಲ್ಲ, ನಮ್ಮ ಸಂಘದ ಕಂಪ್ಯೂಟರಿನ ಮೇಲೆ. ಗುಂಡಿ ಒತ್ತಿ, ಒಲೆ ಹಚ್ಚಿ, ಚಹಾ ಕಾಯಿಸಿ, ಸೋಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಅದನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಮೊಳಕಾಲ್ಮುರಿನಿಂದ ಬಸ್ಸು ಹತ್ತಿ, ತಳಕು ದಾಟಿ, ಚಳ್ಳಕೆರೆಗೆ ತಂದಿದ್ದೆ. ದಾರಿಯುದ್ದಕ್ಕೂ ಕಂಡಕ್ಟರ್ ಅದಕ್ಕೆ ಲಗೇಜು ಟಿಕೆಟ್ ಕೇಳುತ್ತಿದ್ದ, ನಾನು ಅದನ್ನು ಮಗು ಎಂದು ವಾದಿಸುತ್ತಿದ್ದೆ.

ನನ್ನ ಹೆಸರು ಪ್ರೇಮಲತಾ. ಮೊಳಕಾಲ್ಮುರಿನಲ್ಲಿ ಮೂವತ್ತೆರಡು ಮಗ್ಗಗಳ ಒಂದು ಸಣ್ಣ ನೇಕಾರರ ಸಂಘದ ಕಾರ್ಯದರ್ಶಿ. ಪ್ರೇಮಲತಾಳ ನಾಲಿಗೆ ಕೊಂಚ ಉದ್ದ ಎಂದು ನಮ್ಮ ಅಧ್ಯಕ್ಷರಾದ ಜಂಬುಲಿಂಗಪ್ಪನವರು ತುಂಬಿದ ಸಭೆಯಲ್ಲಿ ಹೇಳಿದ್ದಾರೆ. ಅದು ಉದ್ದ ಇರುವುದಕ್ಕೇ ಸಂಘ ನಡೆಯುತ್ತಿದೆ ಎಂದು ಅದೇ ಸಭೆಯಲ್ಲಿ ನಾನೂ ಹೇಳಿದ್ದೇನೆ.

ಶಹನಾಜಳ ಅಂಗಡಿ ಬಳ್ಳಾರಿ ರಸ್ತೆಯಲ್ಲಿ, ಎಣ್ಣೆ ಮಿಲ್ಲೊಂದರ ಮಗ್ಗುಲಿಗೆ. ಒಂದೇ ಶಟರು, ಎರಡು ಬೋರ್ಡು. ಮೇಲಿನದು ಅವಳಪ್ಪ ಪೀರ್ ಸಾಬರದು: ಬೋರ್‌ವೆಲ್ ಮೋಟರ್ ರಿವೈಂಡಿಂಗ್. ಕೆಳಗಿನದು ಅವಳದು: ಕಂಪ್ಯೂಟರ್ ರಿಪೇರಿ, ವೆಬ್‌ಸೈಟ್. ಅಪ್ಪ ಒಂದು ಮೂಲೆಯಲ್ಲಿ ತಾಮ್ರದ ತಂತಿ ಸುತ್ತುತ್ತ ಕೂತಿದ್ದರೆ ಮಗಳು ಇನ್ನೊಂದು ಮೂಲೆಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದಳು. ಮೂವತ್ನಾಲ್ಕರ ಹೆಂಗಸು, ಮೂಗಿನ ಮೇಲೆ ಜಾರುವ ಕನ್ನಡಕ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಅಪ್ಪನ ಅಂಗಡಿಗೆ ಬಂದು ಸುಟ್ಟ ಮೋಟರ್ ಬಿಚ್ಚುತ್ತಿದ್ದಳಂತೆ. ಪಿಯುಸಿ ಮುಗಿಸಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಅಲ್ಲಿನ ಕಂಪ್ಯೂಟರ್ ಕೆಟ್ಟರೆ ಚಿತ್ರದುರ್ಗದಿಂದ ಜನ ಬರಬೇಕಿತ್ತು, ಬರುವವರೆಗೆ ಇವಳ ಕೈ ಸುಮ್ಮನಿರಲಿಲ್ಲ. ಉಳಿದದ್ದನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಳು. ಗಂಡ ಜುಲ್ಫಿಕರ್ ಎದುರಿಗೇ ಟಯರ್ ಅಂಗಡಿ ಇಟ್ಟಿದ್ದಾನೆ. ಹೆಂಡತಿಗೆ ಕೆಲಸ ಜಾಸ್ತಿಯಾದ ದಿನ ಅವನೇ ಮನೆಗೆ ಹೋಗಿ ಅನ್ನಕ್ಕಿಡುತ್ತಾನೆ ಎಂಬುದನ್ನು ನಾನು ಮೊಳಕಾಲ್ಮುರಿನ ಎಲ್ಲ ಗಂಡಸರಿಗೂ ಹೇಳಿದ್ದೇನೆ, ಪ್ರಯೋಜನವಾಗಿಲ್ಲ.

ಅವಳು ನಮ್ಮ ಕಂಪ್ಯೂಟರಿನ ಹೊಟ್ಟೆಯಿಂದ ಹಾರ್ಡ್‌ಡಿಸ್ಕ್ ತೆಗೆದಳು. ಹಾಗೆಯೇ ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಸತ್ತ ಡಿಸ್ಕಿನ ಮುಚ್ಚಳ ಬಿಚ್ಚಿ ತೋರಿಸಿದಳು. ಒಳಗೆ ಕನ್ನಡಿಯಂಥ ತಟ್ಟೆ, ಅದರ ಮೇಲೆ ಸೂಜಿಯಂಥ ಒಂದು ಕೈ. ಏನು ಕೇಳಿದರೂ ತಟ್ಟೆ ತಿರುಗಬೇಕು, ಆ ಕೈ ಹೋಗಿ ಹುಡುಕಬೇಕು, ತಡ ಆಗುವುದು ಅಲ್ಲೇ ಎಂದಳು. ಆಮೇಲೆ ಡ್ರಾಯರಿನಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಚಪ್ಪಟೆ ಡಬ್ಬಿ ತೆಗೆದಳು. ಎಸ್‌ಎಸ್‌ಡಿ. ಇದರಲ್ಲಿ ತಿರುಗುವುದು ಏನೂ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್, ಕೇಳಿದ್ದು ಕೇಳಿದಲ್ಲೇ ಸಿಗುತ್ತದೆ.

ಪೀರ್ ಸಾಬರು ಕೈ ಚಾಚಿ ಆ ಡಬ್ಬಿಯನ್ನು ಇಸಿದುಕೊಂಡು ಕಿವಿಗೆ ಹಿಡಿದರು. ನಲವತ್ತು ವರ್ಷ ಮೋಟರಿನ ಸದ್ದು ಕೇಳಿಯೇ ರೋಗ ಹೇಳಿದ ಮನುಷ್ಯ.

"ಸದ್ದು ಮಾಡದ ಯಂತ್ರ, ಜಗಳ ಆಡದ ಸೊಸೆ, ಎರಡನ್ನೂ ನಂಬಬ್ಯಾಡಮ್ಮ" ಎಂದು ನನಗೆ ಎಚ್ಚರಿಕೆ ಕೊಟ್ಟು ವಾಪಸು ಕೊಟ್ಟರು.

ಅದನ್ನು ಹಾಕಿದ ಮೇಲೆ ನಮ್ಮ ಕಂಪ್ಯೂಟರ್ ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಎದ್ದು ಕೂತಿತು. ಅಷ್ಟು ಹೊತ್ತಿನ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇಂಥದ್ದನ್ನು ನಮ್ಮ ವೆಬ್‌ಸೈಟಿಗೂ ಹಾಕಲು ಬರುತ್ತದಾ ಎಂದು ಅಲ್ಲೇ ಕೇಳಿದೆ.

ವೆಬ್‌ಸೈಟಿನ ಕತೆ ಇದು. ನಮ್ಮ ಸೀರೆಗಳನ್ನು ನೇರವಾಗಿ ಮಾರೋಣವೆಂದು ಯಾರೋ ಒಬ್ಬರ ಕೈಲಿ ಮಾಡಿಸಿದ್ದೆವು. ಗಿರಾಕಿ ಸೀರೆಯ ಪುಟ ತೆರೆದರೆ ಮೊದಲು ಅಂಚು ಕಾಣಿಸುತ್ತಿತ್ತು, ಆಮೇಲೆ ಒಡಲು ಅರ್ಧ, ಸೆರಗು ಬರುವಷ್ಟರಲ್ಲಿ ಗಿರಾಕಿ ಹೋಗಿರುತ್ತಿದ್ದಳು. ಶಹನಾಜ್ ನೋಡಿ ಹೇಳಿದಳು: ನಮ್ಮ ಸೈಟು ಕೂತಿದ್ದ ಸರ್ವರಿನಲ್ಲೂ ಅದೇ ತಿರುಗುವ ತಟ್ಟೆ, ಅದೂ ನೂರಾರು ಸೈಟುಗಳಿಗೆ ಒಂದೇ. ಅವಳು ಮುಂಬೈಯಲ್ಲಿರುವ ಒಂದು ದೊಡ್ಡ ಸರ್ವರಿನಲ್ಲಿ ಜಾಗ ಬಾಡಿಗೆಗೆ ಹಿಡಿದು ಸುತ್ತಮುತ್ತಲಿನವರ ಸೈಟುಗಳನ್ನು ಇಟ್ಟು ನೋಡಿಕೊಳ್ಳುತ್ತಿದ್ದಳು. ಅಲ್ಲಿ ಎಲ್ಲ ಎಸ್‌ಎಸ್‌ಡಿಯೇ. ನಮ್ಮದನ್ನೂ ಅಲ್ಲಿಗೆ ಸಾಗಿಸಿದಳು.

ಸೈಟಿನಲ್ಲಿ ಸೀರೆ ಮಾರಲು ಮೂವತ್ತೊಂದು ಮಗ್ಗದವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಬೊಮ್ಮಲಿಂಗಪ್ಪ. ನಮ್ಮಲ್ಲಿ ಅವರಷ್ಟು ಚೆಂದ ನೇಯುವವರು ಇನ್ನೊಬ್ಬರಿಲ್ಲ, ಅವರಷ್ಟು ಕಡಿಮೆ ಮಾತಾಡುವವರೂ ಇಲ್ಲ. ಅವರ ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಬ್ಬ ವ್ಯಾಪಾರಿ ಅವರ ಒಂದೇ ಸೀರೆಯನ್ನು ಎರಡು ಮದುವೆ ಮನೆಗೆ ಒಪ್ಪಿಕೊಂಡು, ಒಂದು ಮನೆಯವರು ಇವರ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಅಂದು ಹೋಗಿದ್ದರು. ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ಸೀರೆ ಒಬ್ಬರಿಗೆಂದು ಆದ ತಕ್ಷಣ ಹೆಂಡತಿ ಯರ್ರಮ್ಮ ಅದರ ತುದಿಗೆ ಅರಿಸಿನ ಕುಂಕುಮ ಹಚ್ಚುತ್ತಾಳೆ. ಹಚ್ಚಿದ ಮೇಲೆ ಅದು ಆ ಮನೆಯದು. ಸ್ವಂತ ಮಗಳು ಕೇಳಿದರೂ ಕೊಡುವುದಿಲ್ಲ.

ಶಹನಾಜ್ ಅವರ ಮನೆಗೇ ಬಂದಳು. ಮಗ್ಗದ ಎದುರು ಕೂತು ಒಂದು ಗಂಟೆ ನೇಯುವುದನ್ನು ನೋಡಿದಳು. ಎದ್ದು ಹೊರಡುವಾಗ ಬೊಮ್ಮಲಿಂಗಪ್ಪ ಒಂದೇ ಮಾತು ಕೇಳಿದರು, ನನ್ನ ಸೀರೆ ಇಬ್ಬರಿಗೆ ಹೋಗುವುದಿಲ್ಲವಲ್ಲ ಎಂದು.

"ಹೋಗಲ್ಲ ತಾತ. ನಾನು ಮಾತು ಕೊಡ್ತೀನಿ" ಎಂದಳು ಅವಳು.

ಅಲ್ಲಿಂದ ಶುರುವಾಯಿತು.

ಆಷಾಢ ಮುಗಿಯುತ್ತ ಬಂದು ಶ್ರಾವಣದ ಹಬ್ಬ, ಮದುವೆಗಳಿಗೆಂದು ಜನ ಸೀರೆ ನೋಡತೊಡಗಿದರು. ಹೊಸ ಸೀರೆಗಳನ್ನು ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಾಕುತ್ತೇವೆ ಎಂದು ನಾನು ಎಲ್ಲ ಕಡೆ ಸಾರಿದ್ದೆ. ಹತ್ತಕ್ಕೆ ಸಾವಿರಾರು ಜನ ಒಟ್ಟಿಗೇ ಬಂದು, ಎಸ್‌ಎಸ್‌ಡಿ ಇದ್ದರೂ ಸೈಟು ಏದುಸಿರು ಬಿಟ್ಟಿತು. ಸರ್ವರ್ ಪ್ರತಿಯೊಬ್ಬರಿಗೂ ಅದೇ ಪುಟವನ್ನು ಮೊದಲಿನಿಂದ ಹೊಸದಾಗಿ ಕಟ್ಟಿಕೊಡುತ್ತಿದೆ, ಅದಕ್ಕೇ ಹೀಗೆ, ಕ್ಯಾಶಿಂಗ್ ಹಾಕುತ್ತೇನೆ ಎಂದಳು ಶಹನಾಜ್. ಅಂದರೆ ಒಮ್ಮೆ ಕಟ್ಟಿದ ಪುಟವನ್ನು ಕೈಗೆಟಕುವಲ್ಲಿ ಇಟ್ಟುಕೊಂಡು, ಆಮೇಲೆ ಬಂದವರಿಗೆಲ್ಲ ಅದನ್ನೇ ಎತ್ತಿಕೊಡುವುದು. ಮುಂದಿನ ಗುರುವಾರ ಸೈಟು ಹೇಗೆ ಓಡಿತು ಅಂತೀರಿ. ಪುಟದ ಮೇಲೆ ಬೆರಳಿಟ್ಟರೆ ಸೆರಗು ಸಮೇತ ಕಣ್ಣೆದುರು. ನಾನು ಜಂಬುಲಿಂಗಪ್ಪನವರ ಮನೆಗೇ ಹೋಗಿ ಮೆರೆದು ಬಂದೆ. ಅತಿ ಮೆರೆದರೆ ಏನಾಗುತ್ತದೆ ಎಂದು ನಮ್ಮವ್ವ ಹೇಳುತ್ತಲೇ ಇದ್ದಳು.

ಆ ಗುರುವಾರ ಬೊಮ್ಮಲಿಂಗಪ್ಪನವರ ಒಂದು ಸೀರೆ ಇತ್ತು. ಉದ್ದದ ಎಳೆಗಳ ಹಾಸು ನೀಲಿ, ಅಡ್ಡ ಎಳೆಯ ಹೊಕ್ಕು ಕೆಂಪು, ಬೆಳಕಿಗೆ ಹಿಡಿದರೆ ಎಳೆ ಬದನೆಕಾಯಿಯ ಬಣ್ಣ. ಹತ್ತೂ ಹತ್ತಕ್ಕೆ ಶಿವಮೊಗ್ಗದ ಒಬ್ಬ ಟೀಚರ್ ತೆಗೆದುಕೊಂಡರು. ನಾನು ಕಂಪ್ಯೂಟರಿನಲ್ಲಿ 'ಮಾರಾಟವಾಗಿದೆ' ಎಂದು ಗುರುತು ಹಾಕಿ ಯರ್ರಮ್ಮನಿಗೆ ಫೋನ್ ಮಾಡಿದೆ, ಅವಳು ಸೀರೆಗೆ ಕುಂಕುಮ ಹಚ್ಚಿದಳು. ಹತ್ತೂಮುಕ್ಕಾಲಿಗೆ ಹರಿಹರದ ತೇಜಶ್ರೀ ಎಂಬ ಹುಡುಗಿ ಅದೇ ಸೀರೆಯನ್ನು ತೆಗೆದುಕೊಂಡ ಸಂದೇಶ ನನ್ನ ಫೋನಿಗೆ ಬಂತು. ತನ್ನದೇ ಧಾರೆಗೆ, ಮದುವೆಗೆ ಹತ್ತೊಂಬತ್ತು ದಿನ ಎಂದು ಸಂತೋಷದಿಂದ ಬರೆದಿದ್ದಳು.

ಸೈಟು ತೆರೆದು ನೋಡಿದರೆ ಸೀರೆ ಇನ್ನೂ ಮಾರಾಟಕ್ಕಿದೆ ಎಂದೇ ತೋರಿಸುತ್ತಿತ್ತು. ನಾನು ಹಾಕಿದ ಗುರುತು ಒಳಗೆಲ್ಲೋ ಇತ್ತು, ಜನರಿಗೆ ಮಾತ್ರ ಬೆಳಗಿನ ಹಳೇ ಪುಟವನ್ನೇ ಎತ್ತೆತ್ತಿ ಕೊಡುತ್ತಿತ್ತು.

ಶಹನಾಜಳಿಗೆ ಫೋನ್ ಮಾಡಿ ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. ತಾನೇ ನೋಡಿಕೊಳ್ಳುವ ಪಕ್ಕದ ಎಣ್ಣೆ ಮಿಲ್ಲಿನ ಸೈಟಿಗೆ ಎರಡು ಗಂಟೆಗೊಮ್ಮೆ ಪುಟ ಬದಲಾಗುವ ಹಾಗೆ ಇಟ್ಟಿದ್ದಳಂತೆ. ಅಲ್ಲಿ ಒಂದು ಡಬ್ಬಿ ಹೋದರೆ ಹಿಂದೆ ಸಾವಿರ ಡಬ್ಬಿ ಇರುತ್ತವೆ, ಎರಡು ಗಂಟೆ ಹಳೇ ಪುಟ ಇದ್ದರೂ ಯಾರಿಗೂ ಏನೂ ಆಗುವುದಿಲ್ಲ. ಅದೇ ಅಳತೆಯನ್ನು ನಮಗೂ ಹಾಕಿದ್ದಳು.

"ಎಣ್ಣೆ ಡಬ್ಬಿ ಲೆಕ್ಕಾನ ಸೀರೆಗೆ ಹಾಕಿಬಿಟ್ಟೆ ಪ್ರೇಮಕ್ಕ. ಇಲ್ಲಿ ಒಂದು ಸೀರೆ ಅಂದ್ರೆ ಒಂದೇ" ಎಂದಳು. ತೇಜಶ್ರೀಗೆ ನಾನೇ ಫೋನ್ ಮಾಡುತ್ತೇನೆ, ನೀವು ಮಾಡಬೇಡಿ ಎಂದಳು.

ತೇಜಶ್ರೀಗೆ ಅವಳು ನೆಪ ಹೇಳಲಿಲ್ಲ. ಸೀರೆ ಆಗಲೇ ಇನ್ನೊಬ್ಬರದಾಗಿತ್ತು, ತಪ್ಪು ತನ್ನದು, ದುಡ್ಡು ಈಗಲೇ ವಾಪಸು ಬರುತ್ತದೆ ಎಂದಳಂತೆ. ಹುಡುಗಿ, ದುಡ್ಡು ಬೇಡ, ಆ ಬಣ್ಣ ಬೇಕು, ಅತ್ತೆ ಮನೆಯವರಿಗೆಲ್ಲ ಫೋಟೋ ಕಳಿಸಿಬಿಟ್ಟಿದ್ದೇನೆ ಎಂದು ಅತ್ತುಬಿಟ್ಟಳಂತೆ.

ಮಧ್ಯಾಹ್ನದ ಬಸ್ಸಿಗೆ ಶಹನಾಜ್ ಮೊಳಕಾಲ್ಮುರಿಗೆ ಬಂದಳು. ಬಸ್‌ಸ್ಟಾಂಡಿನಿಂದ ಬೊಮ್ಮಲಿಂಗಪ್ಪನವರ ಮನೆಯವರೆಗೂ ನಾನು ಅವಳ ಜೊತೆ ನಡೆದೆ. ನಡೆಯುತ್ತ ಬೈದೆ ಎಂದರೆ ಸರಿಯಾದೀತು. ಆ ಕ್ಯಾಶಿಂಗನ್ನು ಕಿತ್ತು ಬಿಸಾಕು, ಸೈಟು ಮೊದಲಿನ ಹಾಗೆ ತೆವಳಲಿ, ತೆವಳಿದರೂ ನಿಜ ಹೇಳಲಿ ಎಂದೆ. ಹಾಗೆಯೇ ಮಾಡುತ್ತೇನೆ ಎಂದಳು. ಅವಳಿಗೆ ನನ್ನ ಬೈಗುಳಕ್ಕಿಂತ ಎದುರಿನ ಬಾಗಿಲಿನದೇ ಹೆಚ್ಚು ಭಯವಾಗಿತ್ತು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಒಂದು ಗಳಿಗೆ ನಿಂತುಬಿಟ್ಟಳು.

ಬೊಮ್ಮಲಿಂಗಪ್ಪ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅದೇ ನೀಲಿ ಹಾಸು. ಒಂದು ಹಾಸಿನಲ್ಲಿ ಮೂರು ಸೀರೆ, ಎರಡು ಆಗಲೇ ಇಳಿದು ಮಾರಿಹೋಗಿದ್ದವು. ಮೂರನೆಯದಕ್ಕೆ ಹೊಕ್ಕು ಬದಲಿಸಿ ಹಸಿರು ಕೊಟ್ಟಿದ್ದರು, ನವಿಲು ಬಣ್ಣ ಬರಲೆಂದು. ಒಂದು ಗೇಣು ನೇಯ್ದಾಗಿತ್ತು. ಶಹನಾಜ್ ನಿಂತೇ ಎಲ್ಲವನ್ನೂ ಹೇಳಿದಳು. ಲಾಳಿ ನಿಂತಿತು.

"ಮಾತು ಕೊಟ್ಟಿದ್ದೆಲ್ಲಮ್ಮ" ಎಂದರು ಅವರು.

"ಕೊಟ್ಟಿದ್ದೆ ತಾತ. ತಪ್ಪಿದೀನಿ. ಯಂತ್ರದ್ದಲ್ಲ, ನಂದೇ ತಪ್ಪು."

ಅವರು ನೇಯ್ದ ಹಸಿರಿನ ಮೇಲೆ ಒಮ್ಮೆ ಕೈಯಾಡಿಸಿದರು. ಹುಡುಗಿಯ ಮದುವೆ ಯಾವಾಗ ಎಂದು ಕೇಳಿದರು. ಹತ್ತೊಂಬತ್ತು ದಿನ ಎಂದೆ. ಆಮೇಲೆ ಮೊನೆಯುಳ್ಳ ಒಂದು ಸಣ್ಣ ಕಡ್ಡಿ ಕೈಗೆ ತೆಗೆದುಕೊಂಡು, ಬಗ್ಗಿ, ಆ ಹಸಿರು ಹೊಕ್ಕನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದರು.

ತಪ್ಪಿಲ್ಲದ ನೇಯ್ಗೆಯನ್ನು ನೇಕಾರರು ಬಿಚ್ಚುವುದಿಲ್ಲ. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಅದನ್ನು ನೋಡಿದ್ದು ಅದೇ ಮೊದಲು. ಶಹನಾಜ್ ಅರ್ಥವಾಗದೆ ನನ್ನ ಮುಖ ನೋಡಿದಳು. ಅದೇ ನೀಲಿ ಹಾಸಿಗೆ ಮತ್ತೆ ಕೆಂಪು ಹೊಕ್ಕು ಕೊಟ್ಟರೆ ಅದೇ ಬದನೆ ಬಣ್ಣದ ಸೀರೆ ಆಗುತ್ತದೆ, ಹುಡುಗಿಗಾಗಿ ಬಿಚ್ಚುತ್ತಿದ್ದಾರೆ ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಳು, ಕನ್ನಡಕ ತೆಗೆದು ಒರೆಸಿಕೊಂಡಳು.

ಅಷ್ಟರಲ್ಲಿ ಯರ್ರಮ್ಮ ಒಳಗಿನಿಂದ ಬಂದಳು. ಅವಳ ಕೆಲಸ ಕಂಡಿಕೆ ಸುತ್ತುವುದು. ಹೊಕ್ಕಿನ ನೂಲನ್ನು ರಾಟೆಯಲ್ಲಿ ಸಣ್ಣ ಕೊಳವೆಗಳಿಗೆ ಮೊದಲೇ ಸುತ್ತಿ ಗಂಡನ ಬಲಗೈ ಹತ್ತಿರದ ಬುಟ್ಟಿಯಲ್ಲಿ ಇಟ್ಟಿರುತ್ತಾಳೆ. ಲಾಳಿಯಲ್ಲಿ ನೂಲು ಮುಗಿದ ಕೂಡಲೇ ಅವರು ನೋಡದೆ ಕೈ ಹಾಕಿ ಇನ್ನೊಂದು ತೆಗೆದುಕೊಳ್ಳುತ್ತಾರೆ. ಅವಳು ಬುಟ್ಟಿಯನ್ನು ಎತ್ತಿ ಬೋರಲು ಹಾಕಿದಳು. ಹಸಿರು ಕಂಡಿಕೆಗಳೆಲ್ಲ ನೆಲಕ್ಕೆ ಉರುಳಿದವು. ಬುಟ್ಟಿಯ ತಳವನ್ನು ಎರಡು ಸಲ ತಟ್ಟಿ, ಒಳಗೆ ಬೆರಳಾಡಿಸಿ ನೋಡಿ, ಆಮೇಲೆ ಕೆಂಪು ಕಂಡಿಕೆ ತುಂಬಿದಳು.

ಶಹನಾಜ್ ಅದನ್ನೇ ನೋಡುತ್ತಿದ್ದಳು. ಕೆಳಗೆ ನಾಕು ಹಸಿರು ಉಳಿದರೆ ಏನಾಗುತ್ತೆ ಅವ್ವ, ಮೇಲೆ ಕೆಂಪು ಇರುತ್ತಲ್ಲ ಎಂದು ಕೇಳಿದಳು.

"ಬುಟ್ಟಿಯಾಗ ಇದ್ರೆ ಕೈಗೆ ಬರ್ತೈತಮ್ಮಾಯಿ. ಕೈಗೇನು ಕಣ್ಣೈತಾ? ಹೊಕ್ಕು ಬದಲಾದ ಗಳಿಗೇಲೇ ಬುಟ್ಟಿ ಬೋರಲು ಹಾಕ್ಬೇಕು. ಸಾಯಂಕಾಲ ಹಾಕ್ತೀನಿ ಅಂದ್ರೆ ಸೀರೆ ಕೆಟ್ಟು ಹೋಗಿರ್ತೈತೆ."

ಶಹನಾಜ್ ತಡೆದು ಇನ್ನೊಂದು ಕೇಳಿದಳು. ಇಷ್ಟು ತಾಪತ್ರಯ ಯಾಕೆ, ಮೊದಲೇ ಸುತ್ತಿಡುವುದನ್ನೇ ಬಿಟ್ಟರೆ?

ಯರ್ರಮ್ಮ ಗಂಡನ ಕಡೆ ನೋಡಿ ನಕ್ಕಳು. "ಆಗ ನಮ್ಮಾಯಪ್ಪ ಒಂದು ಸೀರೆಗೆ ಆರು ತಿಂಗಳು ಕೂತಿರ್ತಾನೆ. ಸುತ್ತಬೇಕು. ಬದಲಾದ್ರೆ ಖಾಲಿ ಮಾಡ್ಬೇಕು. ಅಷ್ಟೇಯ."

ಶಹನಾಜ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಜಗಲಿಗೆ ಹೋಗಿ ಕೂತಳು. ನಾನು ಹಿಂದೆಯೇ ಹೋಗಿ, ಅದನ್ನು ಕಿತ್ತು ಬಿಸಾಕುತ್ತೀಯೋ ಇಲ್ಲವೋ ಎಂದೆ. ಬಿಸಾಕಲ್ಲ, ಬೋರಲು ಹಾಕೋದು ಕಲಿಸ್ತೀನಿ ಎಂದಳು. ಎರಡು ಗಂಟೆಗೊಮ್ಮೆ ಎಂಬುದನ್ನು ತೆಗೆದಳು. ಸೀರೆಯ ಚಿತ್ರಗಳು ಇದ್ದಲ್ಲೇ ಇರಲಿ, ಅವು ಬದಲಾಗುವುದಿಲ್ಲ. ಆದರೆ ನಾನು 'ಮಾರಾಟವಾಗಿದೆ' ಎಂದು ಗುರುತು ಹಾಕಿದ ಗಳಿಗೆಯಲ್ಲೇ ಆ ಸೀರೆಯ ಎತ್ತಿಟ್ಟ ಹಳೇ ಪುಟ ಖಾಲಿಯಾಗಿ ಹೊಸದು ಬರಬೇಕು. ಒಬ್ಬರು ಕೊಂಡ ಮೇಲೆ ಅದು ಆಗುವವರೆಗೆ ಬೇರೆಯವರ ದುಡ್ಡನ್ನು ಸೈಟು ತೆಗೆದುಕೊಳ್ಳಲೇಬಾರದು. ಸಂಜೆಯ ಹೊತ್ತಿಗೆ ಮುಗಿಯಿತು. ಪರೀಕ್ಷೆಗೆಂದು ಇಲ್ಲದ ಸೀರೆಯೊಂದನ್ನು ಹಾಕಿ, ನಾನು ಅವಳ ಲ್ಯಾಪ್‌ಟಾಪಿನಲ್ಲಿ ಗುರುತು ಒತ್ತಿದೆ. ನನ್ನ ಫೋನಿನಲ್ಲಿ ಆ ಪುಟವನ್ನು ಮತ್ತೆ ತೆರೆಯುವಷ್ಟರಲ್ಲಿ 'ಮಾರಾಟವಾಗಿದೆ' ಎಂದು ಬಂದಿತ್ತು. ಇಪ್ಪತ್ತು ಸಲ ಮಾಡಿ ನೋಡಿದೆ. ನಂಬಿಕೆ ಇಲ್ಲದೆ ಹತ್ತು ಸಲ, ಖುಷಿಗೆ ಹತ್ತು ಸಲ. ಸೈಟು ಓಡುವುದೂ ಮೊದಲಿನಷ್ಟೇ ಚುರುಕು.

ಹದಿನೈದನೇ ದಿನ ಸೀರೆ ಮಗ್ಗದಿಂದ ಇಳಿಯಿತು. ಬೊಮ್ಮಲಿಂಗಪ್ಪ ಆ ಹದಿನೈದು ದಿನವೂ ಸಂತೆಗೆ ಸಹ ಹೋಗಿರಲಿಲ್ಲ. ಯರ್ರಮ್ಮ ಕುಂಕುಮ ಹಚ್ಚಿದಳು, ಜಂಬುಲಿಂಗಪ್ಪನವರು ತಾವೇ ಬಸ್ಸು ಹತ್ತಿ ಹರಿಹರಕ್ಕೆ ಕೊಟ್ಟು ಬಂದರು. ಧಾರೆಯ ಫೋಟೋ ಬಂತು. ಹುಡುಗಿ ತಲೆ ಬಗ್ಗಿಸಿದ್ದಳು, ಸೆರಗು ಚೆನ್ನಾಗಿ ಕಾಣುತ್ತಿತ್ತು. ನಾನು ಅದನ್ನು ಶಹನಾಜಳಿಗೆ ಕಳಿಸಿದೆ. ಅವಳು ಅಂಗಡಿಯ ಶಟರ್ ಅರ್ಧ ಎಳೆದು ಹೋಗಿ ಜುಲ್ಫಿಕರ್‌ಗೆ, ಪೀರ್ ಸಾಬರಿಗೆ, ಎಣ್ಣೆ ಮಿಲ್ಲಿನ ಹಮಾಲರಿಗೆ ಎಲ್ಲ ತೋರಿಸಿದಳಂತೆ. ಅಷ್ಟು ದಿನ ಅವಳಿಗೆ ಊಟ ಸೇರಿರಲಿಲ್ಲ ಎಂದು ಪೀರ್ ಸಾಬರು ಆಮೇಲೆ ಹೇಳಿದರು.

ಆದರೂ ಒಂದು ಉಳಿದಿತ್ತು. ಬೊಮ್ಮಲಿಂಗಪ್ಪ ಆಮೇಲೆ ಸೈಟಿಗೆ ಸೀರೆ ಕೊಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ, ಕೊಡುತ್ತೇನೆ ಎಂದೂ ಅನ್ನಲಿಲ್ಲ. ಶಹನಾಜ್ ಪ್ರತಿ ಬುಧವಾರ ನಾಳೆಯ ಸೀರೆಗಳ ಪಟ್ಟಿ ನೋಡುವಳು, ಆ ಹೆಸರು ಹುಡುಕುವಳು, ಏನೂ ಕೇಳದೆ ಫೋನ್ ಇಡುವಳು. ಬೇರೆಯವರ ಸೀರೆ ನೂರು ಹೋದವು, ಒಂದೂ ಇಬ್ಬರಿಗೆ ಹೋಗಲಿಲ್ಲ. ನಾನು ಅದನ್ನು ಬೊಮ್ಮಲಿಂಗಪ್ಪಜ್ಜನ ಕಿವಿಗೆ ಬೀಳುವ ಹಾಗೆ ಬೀದಿಯಲ್ಲಿ ನಿಂತು ಜೋರಾಗಿ ಹೇಳುತ್ತಿದ್ದೆ. ಅಜ್ಜನ ಲಾಳಿ ತನ್ನ ಪಾಡಿಗೆ ಆಡುತ್ತಿತ್ತು.

ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ ನಾನು ಪ್ರಿಂಟರ್ ತರಲು ಚಳ್ಳಕೆರೆಗೆ ಹೋಗಿದ್ದೆ. ಅಂಗಡಿಯಲ್ಲಿ ಪೀರ್ ಸಾಬರ ಪಕ್ಕದ ಸ್ಟೂಲಿನ ಮೇಲೆ ಬೊಮ್ಮಲಿಂಗಪ್ಪ ಕೂತಿದ್ದರು. ತೊಡೆಯ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು. ಮೊದಲ ಬಸ್ಸಿಗೇ ಬಂದಿದ್ದಾರೆ, ನನಗೆ ಒಂದು ಮಾತು ಹೇಳಿಲ್ಲ. ಗಂಟು ಬಿಚ್ಚಿದರೆ ನವಿಲು ಬಣ್ಣದ ಸೀರೆ. ಆ ದಿನ ಬಿಚ್ಚಿದ ಹಸಿರು ಹೊಕ್ಕನ್ನು ಬೇರೊಂದು ನೀಲಿ ಹಾಸಿನಲ್ಲಿ ಮತ್ತೆ ನೇಯ್ದಿದ್ದರು.

"ಹಾಕಮ್ಮ. ಒಂದೇ ಐತೆ ಅಂತ ಬರಿ" ಎಂದರು.

ಶಹನಾಜ್ ಕೈ ತೊಳೆದುಕೊಂಡು ಬಂದು ಸೀರೆ ಹರವಿದಳು, ಫೋಟೋ ತೆಗೆದಳು, ಬರೆದಳು. ಹತ್ತಕ್ಕೆ ಪುಟ ತೆರೆದುಕೊಂಡಿತು. ನಾಲ್ವರೂ ಅವಳ ಫೋನಿನ ಸುತ್ತ ಕೂತೆವು. ಪೀರ್ ಸಾಬರು ಅಭ್ಯಾಸಬಲದಿಂದ ಕಿವಿ ಮುಂದೆ ಮಾಡಿದ್ದರು. ಹತ್ತೂ ಇಪ್ಪತ್ತಕ್ಕೆ ಯಾರೋ ತೆಗೆದುಕೊಂಡರು. ನಾನು ನನ್ನ ಫೋನಿನಿಂದ ಗುರುತು ಹಾಕಿದೆ. ಅಜ್ಜ ಶಹನಾಜಳ ಫೋನನ್ನು ತಮ್ಮ ಕೈಗೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ಅವಳು ಅವರ ಬೆರಳನ್ನೇ ನೋಡುತ್ತಿದ್ದಳು. ಅವರು ಪುಟವನ್ನು ಮತ್ತೆ ತೆರೆದರು. 'ಮಾರಾಟವಾಗಿದೆ' ಎಂದು ಬಂದಿತ್ತು. ನಂಬದೆ ಇನ್ನೊಮ್ಮೆ ತೆರೆದರು. ಆಗಲೂ ಅದೇ ಇತ್ತು.

ಫೋನನ್ನು ಅವಳಿಗೆ ವಾಪಸು ಕೊಟ್ಟು, "ಬುಟ್ಟಿ ಖಾಲಿ ಆಗೈತೆ. ನಿಮ್ಮವ್ವಗೆ ಫೋನ್ ಮಾಡಮ್ಮ, ಕುಂಕುಮ ಕಲಸಿಟ್ಟಿರ್ಲಿ" ಎಂದರು.

ಶಹನಾಜ್ ನಂಬರ್ ಒತ್ತಿದಳು. ಅತ್ತ ಯರ್ರಮ್ಮ ಹಲೋ ಹಲೋ ಎನ್ನುತ್ತಲೇ ಇದ್ದಳು, ಇವಳಿಗೆ ಅಳು ಬಂದು ಮಾತು ಹೊರಡಲಿಲ್ಲ. ಕೊನೆಗೆ ನಾನೇ ಫೋನ್ ಇಸಿದುಕೊಂಡು ಹೇಳಿದೆ.